ಡ್ರಮ್ಮಿನಲ್ಲಿ ಚಿಪ್ಪುಹಂದಿ: ಮೊದಲು ಮುಚ್ಚಳ ತೆಗೀರಿ

ಹೆಗಡೇರೇ, ತೋಟದಲ್ಲಿ ಸಿಕ್ಕಿದ ಚಿಪ್ಪುಹಂದಿಯನ್ನ ಡ್ರಮ್ಮಿಗೆ ಹಾಕಿ, ಬಾಳೆಹಣ್ಣು ಇಟ್ಟು, 'ಆರ್ಮಡಿಲ್ಲೊ ಬೇರುಹುಳ (ಗೊಣ್ಣೆಹುಳ) ತಿಂತದಂತೆ, ಮೊಬೈಲಿನಲ್ಲಿ ಓದಿದೆ, ಇಲ್ಲೇ ಸಾಕಬಹುದಾ' ಅಂತ ಕೇಳಿದ್ದೀರಿ. ಮೊದಲು ಆ ಮುಚ್ಚಳ ತೆಗೀರಿ ಮಾರಾಯ್ರೇ. ಉಳಿದದ್ದು ಆಮೇಲೆ.

ನಿಮಗೆ ಸಿಕ್ಕಿದ್ದು ಆರ್ಮಡಿಲ್ಲೊ ಅಲ್ಲ. ಆರ್ಮಡಿಲ್ಲೊ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅದರ ಬೆನ್ನ ಕವಚದ ಒಳಗಿರುವುದು ಮೂಳೆ, ಬಾಯಲ್ಲಿ ಗೂಟದಂಥ ಸಣ್ಣ ಹಲ್ಲುಗಳಿವೆ. ಅದರಲ್ಲಿ ಒಂಬತ್ತು ಪಟ್ಟೆಯ ಜಾತಿಯದ್ದು ದುಂಬಿ, ಗೊಣ್ಣೆಹುಳ, ಎರೆಹುಳ, ಇರುವೆ, ಬಿದ್ದ ಹಣ್ಣು ಎಲ್ಲಾ ತಿಂತದೆ. ಅದು ಹೆದರಿದರೆ ಉಂಡೆ ಆಗುವುದಿಲ್ಲ, ಮೇಲಕ್ಕೆ ನೆಗೆದು ಓಡ್ತದೆ. ಪೂರ್ತಿ ಉಂಡೆ ಆಗುವುದು ಮೂರು ಪಟ್ಟೆಯ ಜಾತಿಗಳು ಮಾತ್ರ. ಮೊಬೈಲಿನಲ್ಲಿ ಓದಿದ ಆ ಗೊಣ್ಣೆಹುಳದ ಲೆಕ್ಕ ನಮ್ಮದಕ್ಕೆ ಹೊಂದುವುದಿಲ್ಲ.

ನಮ್ಮ ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಅದರ ಆಹಾರ ಇರುವೆ, ಗೆದ್ದಲು, ಅವುಗಳ ಮೊಟ್ಟೆ. ಹುತ್ತದ ಬದಿಯನ್ನ ಮುಂಗಾಲಿನ ಉಗುರಲ್ಲಿ ಒಡೆದು, ಅಂಟು ಜೊಲ್ಲಿನ ಉದ್ದ ನಾಲಗೆ ಒಳಗೆ ಬಿಡ್ತದೆ. ಆಗ ಇರುವೆ ನುಗ್ಗದಂತೆ ಮೂಗು, ಕಿವಿ ಮುಚ್ಚಿಕೊಳ್ತದೆ. ಜೊತೆಗೆ ನುಂಗಿದ ಮರಳು, ಕಲ್ಲಿನ ಚೂರು ಹೊಟ್ಟೆಯಲ್ಲಿ ಅರೆಯುವ ಕೆಲಸ ಮಾಡ್ತವೆ. ಬಾಳೆಹಣ್ಣು ಮೂಸಿಯೂ ನೋಡುವುದಿಲ್ಲ. ಹಾಲು ಹಾಕಿ ನೋಡಿ ಅಂದವರ ಮಾತು ಕೇಳಲೇಬೇಡಿ.

ಈಗ ಮಾಡಬೇಕಾದ್ದು: ಡ್ರಮ್ ನೆರಳಲ್ಲಿರಲಿ, ನಾಯಿ ಕಟ್ಟಿ, ಮಕ್ಕಳನ್ನ ದೂರ ಇಡಿ. ಅರಣ್ಯ ಸಹಾಯವಾಣಿ 1926ಕ್ಕೋ ನಿಮ್ಮ ವಲಯದ ಕಚೇರಿಗೋ ಫೋನ್ ಮಾಡಿ. ಗಾಯ ಇಲ್ಲ, ಇಲ್ಲೇ ಬಿಡಿ ಅಂದರೆ ಕತ್ತಲಾಗುವ ಹೊತ್ತಿಗೆ ಡ್ರಮ್ಮನ್ನ ನಿಧಾನ ಅಡ್ಡ ಮಲಗಿಸಿ, ಡ್ರಮ್ಮಿನ ಬಾಯಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಕಡೆ ಇರಲಿ. ಆಮೇಲೆ ಟಾರ್ಚ್ ಆರಿಸಿ ದೂರ ಹೋಗಿ. ಅರ್ಧ ತಾಸು ಉಂಡೆಯಾಗೇ ಬಿದ್ದಿದ್ದರೂ ಸತ್ತಿದೆ ಅಂದ್ಕೊಂಡು ಕೋಲಲ್ಲಿ ತಿವಿಯಬೇಡಿ. ಬಿಡಿಸಲಿಕ್ಕೂ ಹೋಗಬೇಡಿ, ಬಾಲದ ಬುಡದಲ್ಲಿ ಬೆರಳು ಸಿಕ್ಕಿದರೆ ಚಿಪ್ಪಿನ ಅಂಚು ಕೊಯ್ತದೆ. ಹೆಣ್ಣಾಗಿದ್ದರೆ ಆ ಉಂಡೆಯೊಳಗೆ ಮರಿಯೂ ಇರಬಹುದು. ನಾಯಿ ಕಚ್ಚಿದ್ದು, ರಕ್ತ ಬರುವುದು, ಚಿಪ್ಪು ಕಿತ್ತದ್ದು ಕಂಡರೆ ಬಿಡಬೇಡಿ, ಇಲಾಖೆಯವರು ಬರುವ ತನಕ ಕಾಯಿರಿ.

ಸಾಕುವ ಮಾತಂತೂ ಬೇಡ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯ ಪ್ರಾಣಿ, ಶಿಕ್ಷೆ 3ರಿಂದ 7 ವರ್ಷ. ಮೊಬೈಲ್ ಗುಂಪಿಗೆ ಹಾಕಿದ ಫೋಟೊ, ಊರ ಹೆಸರು ಎರಡೂ ತೆಗೆದುಬಿಡಿ, ಚಿಪ್ಪಿಗೆ ಗಿರಾಕಿ ಹುಡುಕುವವರು ಇಂಥದ್ದನ್ನೇ ಕಾಯ್ತಾ ಇರ್ತಾರೆ. ಚಿಪ್ಪಿನಲ್ಲಿ ಔಷಧವೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಉಗುರಿನ ವಸ್ತುವೇ.

ಸಸಿ ಬುಡ ಕೆದರಿದ್ದು ಚಿಪ್ಪುಹಂದಿಯೇ ಅಂತ ಇನ್ನೊಬ್ಬರು ಬರೆದಿದ್ದಾರೆ. ಬುಡ ಕಡಿದ ಹಲ್ಲಿನ ಗುರುತಿದ್ದರೆ ಅದು ಮುಳ್ಳುಹಂದಿ. ಹಾಸು ಹಾಸಾಗಿ ನೆಲ ಮಗುಚಿದ್ದರೆ ಕಾಡುಹಂದಿ. ಚಿಪ್ಪುಹಂದಿ ಹುತ್ತದ ಬದಿಗೆ ಒಂದು ಗುಂಡಿ ತೋಡಿ ಮುಂದೆ ಹೋಗ್ತದೆ. ಬಿಲಕ್ಕೆ ಹೊಗೆ ಹಾಕುವುದು, ಹುತ್ತಕ್ಕೆ ಡರ್ಸ್‌ಬಾನ್ ಅನ್ನುವ ಗೆದ್ದಲಿನ ವಿಷ ಸುರಿಯುವುದು ನಿಲ್ಲಿಸಿ. ಥಿಮೆಟ್ ಅನ್ನುವ ಕೀಟನಾಶಕದ ಹರಳಂತೂ 2020ರ ಕೊನೆಗೇ ನಿಷೇಧ ಆಗಿದೆ, ಮನೆಯಲ್ಲಿ ಹಳೇ ಪೊಟ್ಟಣ ಇದ್ದರೂ ಮುಟ್ಟಬೇಡಿ. ಬೇರುಹುಳಕ್ಕೆ ನನ್ನ ಮಟ್ಟಿಗೆ ಮೊದಲ ಕೆಲಸ, ಮಳೆ ಶುರುವಾಗುವ ಹೊತ್ತಿಗೆ ಮುಸ್ಸಂಜೆ ನೆಲದಿಂದ ಏಳುವ, ಆ ಹುಳವೇ ಬೆಳೆದು ಆಗುವ ದುಂಬಿ ಹಿಡಿದು ಕೊಲ್ಲುವುದು. ಒಬ್ಬರೇ ಮಾಡಿದರೆ ಉಪಯೋಗ ಕಮ್ಮಿ, ಸಾಲು ತೋಟದವರೆಲ್ಲ ಸೇರಬೇಕು.

ಇಂಗುಗುಂಡಿ, ಸಿಮೆಂಟ್ ತೊಟ್ಟಿ ಇದ್ದವರು ಒಂದು ಅಡಿಕೆ ದಬ್ಬೆ ಓರೆಯಾಗಿ ಇಳಿಬಿಡಿ, ಒಳಗೆ ಬಿದ್ದ ಚಿಪ್ಪುಹಂದಿ ಉಗುರು ಊರಿ ತಾನೇ ಹತ್ತಿ ಬರ್ತದೆ. ಐಬೆಕ್ಸ್ ಬೇಲಿಯ (ಶಾಕ್ ಕೊಡುವ ತಂತಿಬೇಲಿಯ) ಕೆಳಗಿನ ತಂತಿ ನೆಲಕ್ಕೆ ತೀರಾ ಹತ್ತಿರ ಇದ್ದರೆ ಶಾಕ್ ಹೊಡೆದ ಕೂಡಲೇ ಪ್ರಾಣಿ ತಂತಿಯನ್ನೇ ಸುತ್ತಿಕೊಂಡು ಉಂಡೆಯಾಗ್ತದೆ, ಆಮೇಲೆ ಹೊಡೆತದ ಮೇಲೆ ಹೊಡೆತ. ಆಫ್ರಿಕದ ಚಿಪ್ಪುಹಂದಿಗಳು ಹೀಗೇ ಸಾಯ್ತಾ ಇವೆ. ಹುತ್ತ ಜಾಸ್ತಿ ಇರುವ ಬೆಟ್ಟದ ಬದಿಯಲ್ಲಾದರೂ ಆ ತಂತಿಯನ್ನ ನೆಲದಿಂದ ಒಂದಡಿ ಮೇಲೆ ಕಟ್ಟಿ. ಕಾಡುಹಂದಿ ನುಸುಳುವ ಜಾಗ ಆದರೆ ಮೇಲಿನ ಎರಡು ತಂತಿ ಹತ್ತಿರ ಹತ್ತಿರ ಎಳೀರಿ. ಮನೆಯ ಕರೆಂಟನ್ನೇ ಬೇಲಿಗೆ ಕೊಡುವವರು ಇನ್ನೂ ಇದ್ದಾರೆ, ಅದಕ್ಕೆ ಹಂದಿಗಿಂತ ಮೊದಲು ಕೆಲಸದವರು ಸಿಕ್ಕುವುದು.