ಅಮೆರಿಕದ ಮಿನ್ನೆಸೋಟದ ಕಾಡಿನಲ್ಲಿ ಜಿಂಕೆ ಬೇಟೆಗೆ ಯಾವ ಎಟಿವಿ (ಕಾಡುಮೇಡಿನಲ್ಲಿ ಓಡುವ, ಬೈಕಿನಂಥ ನಾಲ್ಕು ಚಕ್ರದ ಗಾಡಿ) ಕೊಳ್ಳಲಿ?
ಸಿಸಿ ನೋಡಿ ಮರುಳಾಗಬೇಡಿ, 400ರಿಂದ 570 ಸಿಸಿ ಧಾರಾಳ ಸಾಕು. ಫೋರ್ ವೀಲ್ ಡ್ರೈವ್ ಮತ್ತು ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಮಾತ್ರ ಬಿಡಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಗೇರಿನ ವಿಷಯಕ್ಕೆ. ಪೋಲಾರಿಸ್ ಸ್ಪೋರ್ಟ್ಸ್‌ಮನ್‌ನಂಥವು ರಬ್ಬರ್ ಬೆಲ್ಟಿನ ಸಿವಿಟಿ, ಅಂದರೆ ಗೇರು ಬದಲಿಸುವ ಕೆಲಸವೇ ಇಲ್ಲದ ವ್ಯವಸ್ಥೆಯ ಮೇಲೆ ಓಡುತ್ತವೆ. ಓಡಿಸಲು ಸಲೀಸು, ನಿಜ. ಆದರೆ ಹಳ್ಳ ದಾಟುವಾಗ ಬೆಲ್ಟಿನ ಡಬ್ಬಿಗೆ ನೀರು ಹೊಕ್ಕಿತೋ, ಬೆಲ್ಟು ಜಾರಿ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ಕದಲುವುದಿಲ್ಲ. ಹೋಂಡಾ ರ‍್ಯಾಂಚರ್‌ನಲ್ಲಿ ಬೆಲ್ಟೇ ಇಲ್ಲ, ಎಲ್ಲ ಗೇರು. ಊರಿಂದ ದೂರದ ಕಾಡಿಗಾದರೆ ನನ್ನ ಓಟು ಅದಕ್ಕೇ. ಹಿಂದಿನ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆ್ಯಕ್ಸಲ್ (ಅಚ್ಚು) ಇರುವ ಮಾದರಿ ಬೆನ್ನು ಕುಲುಕಿಸುತ್ತದೆ. ಆದರೆ ಎಪ್ಪತ್ತು ಕಿಲೋ ಜಿಂಕೆ ಹೇರಿಕೊಂಡು ಓರೆ ದಾರಿಯಲ್ಲಿ ಬರುವಾಗ ಕಡಿಮೆ ವಾಲುತ್ತದೆ. ರ‍್ಯಾಕಿನ ಭಾರಮಿತಿ ಅದರ ಸ್ಟಿಕ್ಕರಿನಲ್ಲೇ ಇರುತ್ತದೆ, ಮೀರಿದರೆ ಟ್ರೇಲರ್ ಕಟ್ಟಿ. ಸವಾರಿಯಲ್ಲಿ ಬಂದೂಕು ಖಾಲಿಯಿರಲಿ.