ಆಪಲ್ ವಸ್ತುಗಳು ಇಷ್ಟ, ಕಂಪನಿ ಕಂಡರೆ ಕೋಪ. ಎಲ್ಲ ಮಾರಿ ಹೊರಗೆ ಬರಲೇ?

ಫೋನ್, ವಾಚ್, ಲ್ಯಾಪ್‌ಟಾಪ್ ಮೂರನ್ನೂ ಈ ವಾರವೇ ಮಾರಿ, ಖಾತೆಯನ್ನೂ ಮುಚ್ಚಿಬಿಡುತ್ತೇನೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಭಯ ಆಯಿತು. ದಯವಿಟ್ಟು ಈ ವಾರ ಏನನ್ನೂ ಮಾರಬೇಡಿ. ಇದೇ ಕೋಪದಲ್ಲಿ, ಇದೇ ಅವಸರದಲ್ಲಿ ನಾನೂ ಹೊರಟವನು.

ನನ್ನದು 2017ರ ಡಿಸೆಂಬರ್. ಕೆಲವು ಐಫೋನ್‌ಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನ ಮಾಡುತ್ತಿದ್ದೇವೆ ಎಂದು ಆಪಲ್ ಒಪ್ಪಿಕೊಂಡ ತಿಂಗಳು ಅದು. ಅವರು ಕೊಟ್ಟ ಕಾರಣ ಸುಳ್ಳೇನೂ ಅಲ್ಲ. ಬ್ಯಾಟರಿ ಹಳತಾದಷ್ಟೂ ಅದರ ಕಸುವು ಕುಗ್ಗುತ್ತದೆ. ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳಿದರೆ ಕೊಡಲು ಆಗುವುದಿಲ್ಲ. ಆಗ ಫೋನ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಹಾಗಾಗದಿರಲಿ ಎಂದು ವೇಗವನ್ನೇ ತಗ್ಗಿಸಿದರು. ಆದರೆ ಅದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಬ್ಯಾಟರಿ ಬದಲಿಸಿದ್ದರೆ ಸರಿಹೋಗುತ್ತಿದ್ದ ಫೋನನ್ನು "ಹಳೇದಾಯ್ತು" ಅಂತ ಎಷ್ಟು ಜನ ಬಿಟ್ಟು ಹೊಸದು ಕೊಂಡಿರಬಹುದು, ಯೋಚಿಸಿ. ಕಂಪನಿ ಆಮೇಲೆ ಕ್ಷಮೆ ಕೇಳಿತು. ವಾರಂಟಿ ಮುಗಿದ ಫೋನಿನ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2018ರ ಮಾರ್ಚ್‌ನಲ್ಲಿ ಬಂದ ಐಒಎಸ್ (ಐಫೋನ್ ನಡೆಸುವ ಸಾಫ್ಟ್‌ವೇರ್) 11.3ರಲ್ಲಿ ಬ್ಯಾಟರಿಯ ಆರೋಗ್ಯ ನೋಡುವ ಸೌಲಭ್ಯ ಕೊಟ್ಟಿತು. ಗ್ರಾಹಕರಿಗೆ ಹೇಳದೇ ಮಾಡಿದ್ದಕ್ಕೆ 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು.

ನನ್ನ ಕೈಯಲ್ಲಿ ಇದ್ದದ್ದು ಐಫೋನ್ 5ಎಸ್. ನಿಧಾನವಾದ ಫೋನ್‌ಗಳ ಪಟ್ಟಿಯಲ್ಲಿ 6, 6ಎಸ್, ಎಸ್‌ಇ, 7 ಇದ್ದವು. 5ಎಸ್ ಇರಲೇ ಇಲ್ಲ. ಅಂದರೆ ನನಗೆ ಒಂದು ಪೈಸೆಯ ನಷ್ಟವೂ ಆಗಿರಲಿಲ್ಲ. ಆದರೂ ಮೈ ಉರಿದು ಹೋಯಿತು. ಯಾಕೆ ಗೊತ್ತಾ? ಅಲ್ಲಿಯವರೆಗೆ ನಾನು ಆ ಕಂಪನಿಯ ಪರವಾಗಿ ವಾದ ಮಾಡುತ್ತಾ ಬಂದಿದ್ದೆ. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಜ್ಯಾಕ್ ತೆಗೆದಾಗಲೂ ಸ್ನೇಹಿತರ ಜೊತೆ ಜಗಳ ಆಡಿದ್ದೆ. ಅದೇ ವರ್ಷ, ಗುಂಡಿನ ದಾಳಿ ನಡೆಸಿದ ಒಬ್ಬನ ಐಫೋನನ್ನು ತೆರೆಯಲು ವಿಶೇಷ ಸಾಫ್ಟ್‌ವೇರ್ ಬರೆದುಕೊಡಿ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೇಳಿದಾಗ ಆಪಲ್ ಒಪ್ಪಲಿಲ್ಲ. ಅವತ್ತು ನಾನೇ ಗೆದ್ದಷ್ಟು ಹೆಮ್ಮೆಪಟ್ಟಿದ್ದೆ. ಮನೆಯವರಿಗೆ, ಸ್ನೇಹಿತರಿಗೆ ಧೈರ್ಯವಾಗಿ ತಗೊಳ್ಳಿ ಅಂತ ಹೇಳಿ ಕೊಡಿಸಿದ್ದೆ. ಅವರಲ್ಲಿ ಹಲವರ ಹತ್ತಿರ ಇದ್ದದ್ದು ಅದೇ 6, 6ಎಸ್. ಆ ಸುದ್ದಿ ಬಂದಾಗ ನನ್ನ ಮಾತು ನಂಬಿದವರಿಗೆ ಮೋಸ ಆಯಿತಲ್ಲ ಅನ್ನಿಸಿತು. ನಿಮ್ಮ ಪ್ರಶ್ನೆಯಲ್ಲೂ ನನಗೆ ಕಂಡದ್ದು ಅದೇ ನೋವು. ಸುಮ್ನೆ ಒಂದು ಫೋನ್ ಕೆಟ್ಟರೆ ಯಾರೂ ಇಷ್ಟು ಉದ್ದ ಬರೆಯುವುದಿಲ್ಲ, ಅಲ್ವಾ?

ಒಂದು ತಿಂಗಳೂ ಇರಬಾರದು ಅಂತ ತೀರ್ಮಾನಿಸಿದೆ. ಆಂಡ್ರಾಯ್ಡ್ ಫೋನ್ ತಂದೆ. ಇನ್ನು ಹಳೆಯ ಫೋನಿನಿಂದ ಫೋಟೋಗಳನ್ನು ಹೊರತೆಗೆಯಬೇಕಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನೀವು ಎಡವುವುದೂ ಇಲ್ಲೇ.

ನನ್ನದು 16 ಜಿಬಿ ಫೋನ್. ಜಾಗ ಸಾಲದೆ ಐಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್‌ನಲ್ಲಿರುವ ಆಪಲ್‌ನ ಸಂಗ್ರಹದಲ್ಲಿ, ತಿಂಗಳ ಬಾಡಿಗೆಗೆ ಜಾಗ ತೆಗೆದುಕೊಂಡಿದ್ದೆ. ಜೊತೆಗೆ "ಆಪ್ಟಿಮೈಸ್ ಐಫೋನ್ ಸ್ಟೋರೇಜ್" ಎಂಬ ಆಯ್ಕೆ ಆನ್ ಇತ್ತು. ಆ ಆಯ್ಕೆ ಮಾಡುವ ಕೆಲಸ ಏನೆಂದರೆ, ಫೋನಿನಲ್ಲಿ ಜಾಗ ಕಡಿಮೆಯಾದಂತೆ ಮೂಲ ಫೋಟೋ, ವಿಡಿಯೋಗಳನ್ನು ಐಕ್ಲೌಡ್‌ನಲ್ಲಿ ಮಾತ್ರ ಇಟ್ಟುಕೊಂಡು, ಫೋನಿನಲ್ಲಿ ಚಿಕ್ಕ ಪ್ರತಿ ಉಳಿಸುತ್ತದೆ. ಗ್ಯಾಲರಿ ತೆರೆದರೆ ಎಲ್ಲವೂ ಕಾಣುತ್ತದೆ. ಒಂದನ್ನು ಮುಟ್ಟಿದರೆ ಇಂಟರ್ನೆಟ್‌ನಿಂದ ಮೂಲ ಪ್ರತಿ ಇಳಿದು ಬರುತ್ತದೆ. ಅದು ಎಷ್ಟು ನಯವಾಗಿ ನಡೆಯುತ್ತದೆ ಅಂದರೆ, ಫೋಟೋ ಫೋನಿನೊಳಗೆ ಇಲ್ಲ ಅನ್ನುವುದೇ ಮರೆತುಹೋಗುತ್ತದೆ. ಯಾರದೋ ಗೋದಾಮಿನಲ್ಲಿ ಸಾಮಾನು ಇಟ್ಟು, ಮನೆಯ ಗೋಡೆಗೆ ಅದರ ಪಟ ಅಂಟಿಸಿಕೊಂಡ ಹಾಗೆ.

ನಾನು ಫೋನನ್ನು ಕೇಬಲ್‌ನಿಂದ ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿದೆ. ಫೋಲ್ಡರ್‌ಗಳು ಕಂಡವು. ಎಲ್ಲ ಆರಿಸಿ ಕಾಪಿ ಮಾಡಿದೆ. ಮುಗಿದ ಮೇಲೆ ತೆರೆದು ನೋಡಿದೆ. ಫೋಟೋಗಳು ಇದ್ದವು, ಚೆನ್ನಾಗಿಯೇ ಇದ್ದವು. ನಾನು ನೋಡಿದ್ದು ಆ ವರ್ಷದ ಕೊನೆಯ ಕೆಲವು ತಿಂಗಳದ್ದು. ಫೋನ್ ತನ್ನ ಹೊಟ್ಟೆಯಲ್ಲಿ ಪೂರ್ತಿಯಾಗಿ ಉಳಿಸಿಕೊಂಡಿದ್ದದ್ದೂ ಹೆಚ್ಚುಕಡಿಮೆ ಅವನ್ನೇ. ಹಳೆಯವುಗಳ ಮೂಲ ಪ್ರತಿ ಫೋನಿನಲ್ಲಿ ಇರಲೇ ಇಲ್ಲ. ಇಲ್ಲದ್ದು ಕೇಬಲ್ ಮೂಲಕ ಹೇಗೆ ಬರುತ್ತದೆ? ಮೊದಲು ಮೂಲ ಪ್ರತಿಗಳನ್ನೆಲ್ಲ ಫೋನಿಗೆ ಇಳಿಸಿಕೊಂಡು ಆಮೇಲೆ ಕಾಪಿ ಮಾಡಿ ಅಂತ ಕಂಪನಿಯ ಸಹಾಯ ಪುಟದಲ್ಲೇ ಇದೆ. ನಾನು ಓದಲಿಲ್ಲ. 16 ಜಿಬಿಯಲ್ಲಿ ಎಲ್ಲ ಇಳಿಸಲು ಜಾಗವೂ ಇರಲಿಲ್ಲ, ಅದು ಬೇರೆ ಮಾತು. ಐಕ್ಲೌಡ್ ವೆಬ್‌ಸೈಟ್‌ನಿಂದ ಸ್ವಲ್ಪ ಸ್ವಲ್ಪವಾಗಿ ಇಳಿಸಬಹುದಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಬಾಡಿಗೆ ಕಟ್ಟುವುದನ್ನು ನಿಲ್ಲಿಸಬೇಕು, ಅವರ ಹತ್ತಿರ ನನ್ನದು ಏನೂ ಉಳಿಯಬಾರದು ಅಂತ ಫೋಟೋಗಳನ್ನೆಲ್ಲ ಆರಿಸಿ ಡಿಲೀಟ್ ಒತ್ತಿದೆ. ಐಕ್ಲೌಡ್ ಫೋಟೋಸ್ ಅನ್ನುವುದು ಬ್ಯಾಕಪ್ ಅಲ್ಲ, ಸಿಂಕ್. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಅಳಿಸುವಾಗ ಪರದೆಯ ಮೇಲೆ ಅದೇ ಮಾತು ಬಂತು. ಅದನ್ನು ಓದಿಯೇ ಒತ್ತಿದೆ, ಏಕೆಂದರೆ ಕಂಪ್ಯೂಟರ್‌ನಲ್ಲಿ ಎಲ್ಲ ಇದೆ ಅಂತ ನಂಬಿದ್ದೆ. ಅಳಿಸಿದ್ದು "ರೀಸೆಂಟ್ಲಿ ಡಿಲೀಟೆಡ್" ಎಂಬಲ್ಲಿ 30 ದಿನ ಇರುತ್ತದೆ. ಆ 30 ದಿನದಲ್ಲಿ ಒಮ್ಮೆ ಕೂತು ಎಣಿಸಿದ್ದರೂ ಸಾಕಿತ್ತು. ಐಕ್ಲೌಡ್‌ನಲ್ಲಿ ಎಷ್ಟು ಫೋಟೋ, ಕಂಪ್ಯೂಟರ್‌ನಲ್ಲಿ ಎಷ್ಟು ಫೈಲ್. ಎರಡು ಸಂಖ್ಯೆ ಪಕ್ಕಪಕ್ಕ ಇಡುವ ಕೆಲಸ. ಫೋನನ್ನು ಖಾಲಿ ಮಾಡಿ ಮಾರಿದೆ. ಗೆದ್ದೆ ಅಂದುಕೊಂಡೆ.

ಎಷ್ಟೋ ತಿಂಗಳಾದ ಮೇಲೆ ಅಕ್ಕ ಅವಳ ಮಗಳು ಮೊದಲ ಸಲ ನಡೆದಾಗ ನಾನು ತೆಗೆದ ವಿಡಿಯೋ ಕೇಳಿದಳು. ಕಂಪ್ಯೂಟರ್‌ನಲ್ಲಿ ಹುಡುಕಿದೆ. ಇರಲಿಲ್ಲ. ಅದರ ಹಿಂದಿನ ವರ್ಷದ್ದೂ ಇರಲಿಲ್ಲ. ಅಪ್ಪನ ಕೊನೆಯ ವರ್ಷಗಳ ಫೋಟೋಗಳು ಇರಲಿಲ್ಲ. ಕೆಲವು ಅಕ್ಕನ ಫೋನಿನ ವಾಟ್ಸಾಪ್‌ನಲ್ಲಿ ಸಿಕ್ಕವು. ಕುಗ್ಗಿಸಿದ, ಮಸುಕಾದ ಪ್ರತಿಗಳು. ಉಳಿದದ್ದು ಹೋಯಿತು. ಯಾವ ಕಂಪನಿಯ ಮೇಲಿನ ಸಿಟ್ಟಿಗೂ ಅಷ್ಟು ಬೆಲೆ ಕೊಡಬಾರದು. ಆ ನಷ್ಟಕ್ಕೆ ಕಾರಣ ಆಪಲ್ ಅಲ್ಲ, ನಾನು ಹೊರಟ ರೀತಿ.

ಈಗ ನಿಮ್ಮ ಪ್ರಶ್ನೆಗೆ. "ಒಂದೋ ಪೂರ್ತಿ ನಂಬಬೇಕು, ಇಲ್ಲವೋ ಪೂರ್ತಿ ಬಿಡಬೇಕು, ಮಧ್ಯದಲ್ಲಿ ಇರುವುದು ಆತ್ಮವಂಚನೆ" ಅಂದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ. ಅದು ಮನುಷ್ಯರ ನಡುವಿನ ನಿಯತ್ತಿನ ಲೆಕ್ಕ. ಕಂಪನಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ನಾನು ಮಾರಿದ ಆ 5ಎಸ್ ಬಗ್ಗೆಯೇ ಹೇಳುತ್ತೇನೆ ಕೇಳಿ. ಅದು 2013ರಲ್ಲಿ ಬಂದ ಫೋನ್. 2023ರ ಜನವರಿಯಲ್ಲಿ ಅದಕ್ಕೆ ಐಒಎಸ್ 12.5.7 ಎಂಬ ಭದ್ರತೆಯ ಅಪ್‌ಡೇಟ್ ಬಂತು. ಒಂಬತ್ತು ವರ್ಷ ದಾಟಿದ ಫೋನಿಗೆ! ಹೇಳದೆ ಫೋನ್ ನಿಧಾನ ಮಾಡಿದ ಕಂಪನಿಯೂ ಅದೇ, ಇಷ್ಟು ಹಳೆಯ ಫೋನನ್ನು ಮರೆಯದ ಕಂಪನಿಯೂ ಅದೇ. ಐಕ್ಲೌಡ್ ಶುರುವಾದ 2011ರಲ್ಲಿ ಉಚಿತ ಜಾಗ 5 ಜಿಬಿ ಇತ್ತು, ಕ್ಯಾಮೆರಾಗಳು ಎಷ್ಟು ಬದಲಾದರೂ ಅದು ಹಾಗೇ ಉಳಿಯಿತು. ನನಗೆ ಇದು ಜಿಪುಣತನ ಅನ್ನಿಸುವುದಿಲ್ಲ, ಜನ ಬಾಡಿಗೆ ಕಟ್ಟಲಿ ಅಂತ ಬೇಕೆಂದೇ ಮಾಡಿದ್ದು ಅನ್ನಿಸುತ್ತದೆ. 2012ರಿಂದ ತಮ್ಮದೇ ಆದ ಲೈಟ್ನಿಂಗ್ ಚಾರ್ಜಿಂಗ್ ಕೇಬಲ್ಲಿಗೇ ಅಂಟಿಕೊಂಡು, ಯುರೋಪಿಯನ್ ಒಕ್ಕೂಟ ಕಾನೂನು ತಂದ ಮೇಲೆ 2023ರ ಐಫೋನ್ 15ರಲ್ಲಿ ಬೇರೆ ಫೋನ್‌ಗಳಲ್ಲೂ ಇರುವ ಯುಎಸ್‌ಬಿ-ಸಿ ಕೊಟ್ಟರು. ಇನ್ನೊಂದು ಕಡೆ, 2020ರಲ್ಲಿ ಎಂ1 ಚಿಪ್ ಹಾಕಿ ತಂದ ಮ್ಯಾಕ್‌ಬುಕ್ ಏರ್ ಇದೆಯಲ್ಲ, ಅದರಲ್ಲಿ ಫ್ಯಾನೇ ಇಲ್ಲ, ಸದ್ದೇ ಇಲ್ಲ, ಬ್ಯಾಟರಿ ದಿನವಿಡೀ ಬರುತ್ತದೆ. ಅದನ್ನು ಮಾಡಿದವರ ಕೈಗೆ ಮುತ್ತಿಡಬೇಕು ಅನ್ನಿಸುತ್ತದೆ. ಈ ಉತ್ತರವನ್ನು ಬರೆಯುತ್ತಿರುವುದೂ ಅದರಲ್ಲೇ. ಹೌದು, ಲ್ಯಾಪ್‌ಟಾಪ್‌ಗಾಗಿ ವಾಪಸ್ ಬಂದೆ. ಫೋನ್ ಆಂಡ್ರಾಯ್ಡ್ ಆಗಿಯೇ ಉಳಿಯಿತು. ಕೋಪವೂ ಇದೆ, ಪ್ರೀತಿಯೂ ಇದೆ. ಎರಡೂ ಇಟ್ಟುಕೊಂಡು ನೆಮ್ಮದಿಯಾಗಿದ್ದೇನೆ, ಏಕೆಂದರೆ ಈಗ ನನ್ನ ಫೋಟೋಗಳು ನನ್ನ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇವೆ. ಅವರು ನಾಳೆ ಏನು ಮಾಡಿದರೂ ನನಗೆ ಹೆದರಿಕೆ ಇಲ್ಲ.

ನಿಮ್ಮನ್ನು ಹಿಡಿದಿಟ್ಟಿರುವುದು ಪ್ರೀತಿ ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಅದು ಪ್ರೀತಿಯೇ ಅಲ್ಲ. ಫೋಟೋ, ಪಾಸ್‌ವರ್ಡ್, ನೋಟ್ಸ್, ಮೆಸೇಜ್ ಎಲ್ಲ ಅಲ್ಲಿವೆ, ಅಷ್ಟೇ. ಬಿಟ್ಟು ಹೋಗಲು ಆಗದ ಕಡೆ ಕೂತಾಗ ಕೋಪ ದುಪ್ಪಟ್ಟಾಗುತ್ತದೆ. ಆ ಗಂಟುಗಳನ್ನು ಬಿಚ್ಚಿ ನೋಡಿ. ಏನು ಉಳಿಯುತ್ತದೋ ಅದೇ ನಿಮ್ಮ ನಿಜವಾದ ಇಷ್ಟ.

ನನ್ನ ಕಾಲದಲ್ಲಿ ಇಲ್ಲದ ಒಂದು ಸೌಲಭ್ಯ ನಿಮಗಿದೆ. ನಾನು ಹೊರಟ ಕೆಲವೇ ತಿಂಗಳಿಗೆ, 2018ರಲ್ಲಿ, ಪ್ರೈವೆಸಿ ಡಾಟ್ ಆಪಲ್ ಡಾಟ್ ಕಾಮ್ ಅನ್ನುವ ಪುಟ ಶುರುವಾಯಿತು. ಅಲ್ಲಿ ನಿಮ್ಮ ಡೇಟಾದ ಪ್ರತಿ ಕೇಳಬಹುದು. ಫೋಟೋ, ನೋಟ್ಸ್, ಕಾಂಟ್ಯಾಕ್ಟ್ಸ್ ಎಲ್ಲ ಜಿಪ್ ಫೈಲ್‌ಗಳಾಗಿ ಬರುತ್ತವೆ. ಕೇಳಿದ ತಕ್ಷಣ ಸಿಗುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಈ ವಾರ ಮಾರಬೇಡಿ ಅಂದದ್ದು ಇದಕ್ಕೂ ಹೌದು. ಇಳಿಸಿದ ಮೇಲೆ ಸಂಖ್ಯೆ ತಾಳೆ ನೋಡಿ. ತೀರಾ ಹಳೆಯ ವರ್ಷದ ಫೋಟೋ ಒಂದನ್ನು, ವಿಡಿಯೋ ಒಂದನ್ನು ತೆರೆದು ನೋಡಿ. ಹೊಸದನ್ನು ನೋಡಿ ಸಮಾಧಾನ ಪಡಬೇಡಿ. ಪಾಸ್‌ವರ್ಡ್‌ಗಳನ್ನು ಮ್ಯಾಕ್‌ನಿಂದ ಫೈಲ್ ಆಗಿ ತೆಗೆಯಬಹುದು. ಆ ಫೈಲ್‌ನಲ್ಲಿ ಎಲ್ಲವೂ ಯಾರು ಬೇಕಾದರೂ ಓದುವ ಹಾಗೆ ಇರುತ್ತದೆ, ಬೇರೆ ಕಡೆ ಸೇರಿಸಿದ ತಕ್ಷಣ ಅಳಿಸಿಬಿಡಿ.

ವಾಚ್ ವಿಷಯ ಬೇರೆ. ಆಪಲ್ ವಾಚ್ ಜೋಡಿಯಾಗುವುದು ಐಫೋನ್ ಜೊತೆ ಮಾತ್ರ. ಫೋನ್ ಹೋದರೆ ವಾಚೂ ಹೋದಂತೆ. ಹಾಗಾಗಿ ಫೋನ್ ಬಿಡುವ ಬಗ್ಗೆ ಯೋಚಿಸುವಾಗ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಮಾರುವ ಮುಂಚೆ ಹೆಲ್ತ್ ಆಪ್‌ನಲ್ಲಿ ನಿಮ್ಮ ಪ್ರೊಫೈಲ್‌ಗೆ ಹೋಗಿ ಆರೋಗ್ಯದ ಎಲ್ಲ ದಾಖಲೆಯನ್ನು ಹೊರತೆಗೆಯಿರಿ. ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದ್ದರೆ ಅದನ್ನು ಯಾಕೆ ಮಾರುತ್ತೀರಿ? ನೀವು ಕೊಟ್ಟ ದುಡ್ಡು ಆಗಲೇ ಅವರ ಕೈ ಸೇರಿದೆ. ಮಾರಿದರೆ ನಷ್ಟ ನಿಮಗೆ ಮಾತ್ರ.

ಖಾತೆಯನ್ನಂತೂ ಸದ್ಯಕ್ಕೆ ಮುಚ್ಚಲೇಬೇಡಿ. ಮುಚ್ಚಿದರೆ ಅದರೊಳಗಿನ ಎಲ್ಲವೂ ಅಳಿದುಹೋಗುತ್ತದೆ, ಕೊಂಡ ಆಪ್‌ಗಳೂ ಸಿಗುವುದಿಲ್ಲ. ಐಕ್ಲೌಡ್ ಬಾಡಿಗೆಯಂಥದ್ದು ಏನೂ ಇಲ್ಲದಿದ್ದರೆ, ಸುಮ್ನೆ ಬಿಟ್ಟರೆ ಏನೂ ಖರ್ಚಿಲ್ಲ. ಖಾತೆಗೆ ಜೋಡಿಸಿದ ಫೋನ್ ನಂಬರ್ ಚಾಲ್ತಿಯಲ್ಲಿ ಇರಲಿ, ಕೈಯಲ್ಲಿ ಆಪಲ್ ವಸ್ತು ಒಂದೂ ಇಲ್ಲದಿದ್ದಾಗ ಲಾಗಿನ್ ಕೋಡ್ ಬರುವುದು ಅದಕ್ಕೇ. ಇನ್ನೊಂದು ಮುಖ್ಯವಾದ ವಿಷಯ, ಸಿಮ್ ತೆಗೆಯುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್ ಮತ್ತು ಫೇಸ್‌ಟೈಮ್ (ಆಪಲ್‌ನದೇ ಮೆಸೇಜ್ ಮತ್ತು ವಿಡಿಯೋ ಕರೆ ಸೇವೆಗಳು) ಆಫ್ ಮಾಡಿ. ಇಲ್ಲದಿದ್ದರೆ ಐಫೋನ್ ಇರುವ ಸ್ನೇಹಿತರು ಕಳಿಸಿದ ಮೆಸೇಜ್‌ಗಳು ಹೊಸ ಫೋನಿಗೆ ಬಾರದೆ ಹೋಗಬಹುದು. ಮರೆತು ಸಿಮ್ ತೆಗೆದುಬಿಟ್ಟಿದ್ದರೆ, ಆಪಲ್ ವೆಬ್‌ಸೈಟ್‌ನಲ್ಲಿ ನಂಬರ್ ಕೊಟ್ಟು ಐಮೆಸೇಜ್‌ನಿಂದ ಹೊರಬರುವ ಪುಟ ಇದೆ, ಅಲ್ಲಿ ಮಾಡಿ.