ಡಬ್ಬಿಯೊಳಗಿನ ಗೋಲಿ ಮತ್ತು ನಿಮ್ಮ ಮನೆಯವರು

ಪತ್ರ: "ಸಂಪಾದಕರಿಗೆ ನಮಸ್ಕಾರ. ನಮ್ಮ ಮನೆಯವರದು ಪೇಂಟಿಂಗ್ ಕೆಲಸ. ಮೊದಲು ಅದಿರು ಲಾರಿಗಳಿಗೆ ಟಚಪ್ ಮಾಡುತ್ತಿದ್ದರು, ಈಗ ಬೈಕ್. ಸ್ಪ್ರೇ ಪೇಂಟ್ ಡಬ್ಬಿ ಖಾಲಿಯಾದರೆ ಅದನ್ನು ಕೊಯ್ದು, ಒಳಗಿನ ಗೋಲಿ ತೆಗೆದು, ತಿನ್ನರ್‌ನಲ್ಲಿ ತೊಳೆದು ಇಟ್ಟುಕೊಳ್ಳುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಚಾಳಿ. ನನ್ನ ಎರಡು ಉಪ್ಪಿನಕಾಯಿ ಭರಣಿ ತುಂಬಿದವು, ಮೂರನೆಯದಕ್ಕೆ ಕೈ ಹಾಕಿದ್ದಾರೆ. ಮಾರಿದರೆ ನಾಲ್ಕು ಕಾಸು ಬರಲ್ಲ. ನೆಂಟರು ಬಂದರೆ ನನಗೆ ನಾಚಿಕೆ. ಇಬ್ಬರು ಮಕ್ಕಳ ತಂದೆಗೆ ಈ ಹುಡುಗಾಟ ಬೇಕಾ? ನೀವಾದರೂ ಬುದ್ಧಿ ಹೇಳಿ."
(ಓದುಗರು, ಕೌಲ್ ಬಜಾರ್, ಬಳ್ಳಾರಿ. ಹೆಸರು ಹಾಕಬೇಡಿ ಎಂದಿದ್ದಾರೆ.)

ಉತ್ತರ: ತಾಯಿ, ನಿಮ್ಮ ಪಾಲಿನ ನ್ಯಾಯ ಮೊದಲೇ ಕೊಟ್ಟುಬಿಡುತ್ತೇನೆ. ಆಮೇಲೆ ಸಿಗುವುದು ಕಷ್ಟ.

ಡಬ್ಬಿ ಕೊಯ್ಯುವುದು ತಪ್ಪು. ಖಾಲಿ ಎಂದು ನಮಗನಿಸಿದ ಡಬ್ಬಿಯಲ್ಲೂ ಗ್ಯಾಸ್ ಉಳಿದಿರುತ್ತದೆ. ಬಣ್ಣವನ್ನು ಹೊರಗೆ ತಳ್ಳುವುದು ಹೆಚ್ಚಾಗಿ ಪ್ರೊಪೇನ್, ಬ್ಯೂಟೇನ್. ನಿಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲಿ ಇರುವುದೂ ಅವೇ. ಗರಗಸ ತಾಗಿ ಒಂದು ಕಿಡಿ ಹಾರಿದರೆ ಸಾಕು. 50 ಡಿಗ್ರಿ ದಾಟಿದ ಬಿಸಿಯಲ್ಲಿ ಇಡಬೇಡಿ, ಖಾಲಿಯಾದ ಮೇಲೂ ತೂತು ಮಾಡಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಮೇ ತಿಂಗಳಲ್ಲಿ ನಮ್ಮ ಬಳ್ಳಾರಿಯ ತಗಡಿನ ಶೆಡ್ಡು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಕೊಯ್ಯುವ ಕೆಲಸ ಇವತ್ತಿಗೇ ನಿಲ್ಲಲಿ. ಭರಣಿ ಎರಡು ತುಂಬಿವೆಯಲ್ಲ, ಅಷ್ಟು ಸಾಕು. ಮೂರನೆಯದರಲ್ಲಿ ಮಾವಿನಕಾಯಿ ಹಾಕಿ.

ನಿಮ್ಮ ಕಡೆಯ ವಾದ ಇಲ್ಲಿಗೆ ಮುಗಿಯಿತು.

ಈಗ ಆ ಗೋಲಿಯ ವಿಷಯ. ಅದು ಡಬ್ಬಿಯೊಳಗೆ ಯಾಕಿದೆ ಎಂದು ನಿಮ್ಮ ಮನೆಯವರನ್ನು ಒಮ್ಮೆಯಾದರೂ ಕೇಳಿದ್ದೀರಾ? ಸುಣ್ಣ ಕಲಸಿಟ್ಟರೆ ತಳಕ್ಕೆ ಕೂರುತ್ತದಲ್ಲ, ಬಣ್ಣದ ಪುಡಿಯೂ ಹಾಗೇ ಕೂರುತ್ತದೆ. ಮುಚ್ಚಿದ ಡಬ್ಬಿಯೊಳಗೆ ಕೋಲು ಹಾಕಿ ತಿರುವುವುದು ಹೇಗೆ? ಆ ಕೆಲಸ ಗೋಲಿಯದು. ಕೆಲವದರಲ್ಲಿ ಗಾಜಿನದು, ಕೆಲವದರಲ್ಲಿ ಉಕ್ಕಿನದು. ಡಬ್ಬಿ ಅಲುಗಾಡಿಸಿದಾಗ ಕಟಕಟ ಎನ್ನದಿದ್ದರೆ ಅದು ಇನ್ನೂ ಗಸಿಯಲ್ಲಿ ಹೂತಿದೆ ಎಂದರ್ಥ. ಸದ್ದು ಶುರುವಾದ ಮೇಲೂ ಒಂದು ನಿಮಿಷ ಅಲುಗಾಡಿಸಬೇಕು. ಅವಸರದ ಪೇಂಟರ್ ಯಾರು, ಕಸುಬುದಾರ ಯಾರು ಎಂದು ಆ ಒಂದು ನಿಮಿಷದಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು ಹೇಳಿದರೆ ನಿಮಗೆ ಖುಷಿಯಾಗಬಹುದು. ಸ್ಪ್ರೇ ಪೇಂಟ್ ಡಬ್ಬಿ ಹುಟ್ಟಿದ್ದು 1949ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಸಿಕಮೋರ್ ಎಂಬ ಊರಿನಲ್ಲಿ. ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿ ತನ್ನ ಅಲ್ಯುಮಿನಿಯಂ ಪೇಂಟನ್ನು ಗಿರಾಕಿಗಳಿಗೆ ಸುಲಭವಾಗಿ ಬಳಿದು ತೋರಿಸುವ ದಾರಿ ಹುಡುಕುತ್ತಿದ್ದ. ಡಬ್ಬಿಯಲ್ಲಿ ತುಂಬಿ ಚಿಮ್ಮಿಸಿ ನೋಡು ಎಂದವಳು ಅವನ ಹೆಂಡತಿ ಬಾನಿ. ನಿಮ್ಮ ಭರಣಿ ತುಂಬುವುದಕ್ಕೆ ಮೂಲ ಕಾರಣ ಒಬ್ಬ ಹೆಂಡತಿಯೇ!

ಹೋದ ವರ್ಷ ನನ್ನ ಸ್ಕೂಟರಿನ ಮಡ್‌ಗಾರ್ಡ್‌ಗೆ ಬಣ್ಣ ಹೊಡೆಸಲು ಹೋದಾಗ ಪೇಂಟರ್ ಹುಡುಗ ಇಂಥದೊಂದು ಗೋಲಿ ನನ್ನ ಕೈಗಿಟ್ಟ. ಇದನ್ನು ಬರೆಯುವಾಗ ಅದು ನನ್ನ ಮೇಜಿನ ಮೇಲಿದೆ. ಆಟದ ಗೋಲಿಯ ಹಾಗೆ ಒಳಗೆ ಬಣ್ಣದ ಎಸಳಿಲ್ಲ. ಬೆಳಕಿಗೆ ಹಿಡಿದರೆ ಸೋಡಾ ಬಾಟಲಿಯ ಹಸಿರು, ಒಳಗೆ ಎರಡು ಗುಳ್ಳೆ. ಪೂರ್ತಿ ದುಂಡಗೂ ಇಲ್ಲ, ಮೇಜಿನ ಮೇಲೆ ಉರುಳಿಸಿದರೆ ಕುಂಟುತ್ತದೆ. ಒಂದು ಪಕ್ಕದಲ್ಲಿ ಉಗುರಿನ ಗೀರಿನಂಥ ಮಡಿಕೆ. ಆ ಮಡಿಕೆಯಲ್ಲಿ ಕೆಂಪು ಬಣ್ಣ ಕೂತಿದೆ, ಏನು ಮಾಡಿದರೂ ಹೋಗಿಲ್ಲ. "ಅದು ಬುಲೆಟ್ ಟ್ಯಾಂಕಿನ ಕೆಂಪು ಸಾರ್" ಎಂದ ಹುಡುಗ.

ಒಳಗಿನ ಗೋಲಿ ತೆಗೆಯುವ ಈ ಕೆಲಸವನ್ನೇ ನಮ್ಮ ಕಾಲದ ಹುಡುಗರು ಗೋಲಿ ಸೋಡಾ ಬಾಟಲಿಯಲ್ಲಿ ಮಾಡುತ್ತಿದ್ದರು. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಕುತ್ತಿಗೆಗೆ ಒತ್ತಿ ಹಿಡಿಯುತ್ತದೆ. ಆ ಗೋಲಿಗಾಗಿ ನಾನೂ ಒಂದು ಬಾಟಲಿ ಒಡೆದಿದ್ದೆ. ಸೋಡಾ ಅಂಗಡಿಯವರು ಅಪ್ಪನಿಗೆ ಹೇಳಿದರು, ಅಪ್ಪ ನನಗೆ ಹೇಳಿದರು. ಹೇಳಿದ್ದು ಬಾಯಿಂದಲ್ಲ ಬಿಡಿ.

ಇನ್ನು "ಮಾರಿದರೆ ನಾಲ್ಕು ಕಾಸು ಬರಲ್ಲ" ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಕ್ಷಮಿಸಿ.

ರಾಬರ್ಟ್ ಬ್ರೂಸ್ ಫೂಟ್ ಎಂಬ ದೊರೆ ನಮ್ಮ ಸೀಮೆಯಲ್ಲಿ ತಿರುಗಾಡಿದವರು. ಕೆಲಸ ಭೂವಿಜ್ಞಾನ ಇಲಾಖೆಯಲ್ಲಿ, ಚಾಳಿ ಕಲ್ಲು ಆರಿಸುವುದು. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಆರಿಸಿದ ಒಂದು ಕಲ್ಲಿನಿಂದ ಭಾರತದಲ್ಲಿ ಹಳೆ ಶಿಲಾಯುಗದ ಜನ ಇದ್ದರೆಂದು ತಿಳಿಯಿತು. ನಮ್ಮ ಸಂಗನಕಲ್ಲಿನ ಗುಡ್ಡದಲ್ಲೂ ಕಲ್ಲಿನ ಕೊಡಲಿಗಳನ್ನು ಆರಿಸಿದರು. ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿ ಬೂದಿ ದಿಬ್ಬ ಇದೆಯಲ್ಲ, ಅದು ದನದ ಸಗಣಿ ಸುಟ್ಟ ಬೂದಿ ಎಂದರು. ಹಂಪಿ ಪಕ್ಕದ ನಿಂಬಾಪುರದ ಬೂದಿ ದಿಬ್ಬವನ್ನು ಜನ ಇವತ್ತಿಗೂ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಸಗಣಿ ಅಂದವರನ್ನು ಆಗ ಯಾರು ನಂಬಬೇಕು? ಮುಂದಿನ ಸಂಶೋಧಕರು ಪರೀಕ್ಷೆ ಮಾಡಿ ನೋಡಿದಾಗ ಸಗಣಿಯೇ. ಸಾವಿರಾರು ವರ್ಷದ ಹಿಂದೆ ಇಲ್ಲಿ ದನ ಕಟ್ಟಿದವರ ಕಥೆ ಆ ಬೂದಿಯಲ್ಲಿ ಪದರ ಪದರವಾಗಿ ಕೂತಿತ್ತು. ಇವತ್ತು ಬಳ್ಳಾರಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ನೀವು ಹೋಗಿಲ್ಲ ಅಂತ ನನಗೆ ಗೊತ್ತು. ಊರಿನವರು ಯಾರೂ ಹೋಗಿಲ್ಲ, ನೆಂಟರನ್ನು ಮಾತ್ರ ಕೋಟೆ ಹತ್ತಿಸುತ್ತೇವೆ.

ಪದರ ಅಂದೆನಲ್ಲ. ನಿಮ್ಮ ಮೊದಲ ಭರಣಿಯನ್ನು ಒಮ್ಮೆ ಬಿಸಿಲಿಗಿಟ್ಟು ನೋಡಿ. ತಳದಲ್ಲಿ ಇರುವುದು ಅದಿರಿನ ಕಾಲದ ಗೋಲಿಗಳು. ಹಗಲೂ ರಾತ್ರಿ ಲಾರಿ ಓಡುತ್ತಿದ್ದ, ಒಣಗಲು ಹಾಕಿದ ಬಟ್ಟೆ ಸಂಜೆಗೆ ಕೆಂಪಾಗುತ್ತಿದ್ದ ಕಾಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಬದಿ ಸಾಲಾಗಿ ನಿಂತವು, ಟೈರಿನ ಸುತ್ತ ಹುಲ್ಲು ಬೆಳೆಯಿತು. ನಿಮ್ಮ ಮನೆಯವರು ಬೈಕಿಗೆ ಬಂದದ್ದು ಆಗಲೇ ಅಲ್ವಾ? ಹಾಗಿದ್ದರೆ ಭರಣಿಯ ನಡುವೆ ಎಲ್ಲೋ ಒಂದು ಕಡೆ ಲಾರಿ ಮುಗಿದು ಬೈಕ್ ಶುರುವಾಗಿದೆ. ನಿಮ್ಮ ಮನೆಯ ಕಷ್ಟದ ತಿಂಗಳುಗಳೂ ಅಲ್ಲೇ ಇವೆ, ಗೋಲಿ ಬೀಳದ ತಿಂಗಳುಗಳು. ಇದನ್ನು ಯಾವ ಇಲಾಖೆಯ ಫೈಲಿನಲ್ಲಿ ಹುಡುಕೋಣ ಹೇಳಿ?

ನನಗೆ ಈ ಸಿಟ್ಟು ಯಾಕೆ ಎಂದರೆ ನಾನೂ ಕಳೆದುಕೊಂಡವನು. ನಾನು ಕೆಲಸ ಕಲಿತ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆಗಳಿದ್ದವು. ಕನ್ನಡದ ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಮನೆಗಳಿರುವ ಮರದ ಕೇಸುಗಳು. ಆಫ್‌ಸೆಟ್ ಬಂದ ವರ್ಷ ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಗೋಣಿಚೀಲ ಹೊರುತ್ತಿದ್ದ ಹಮಾಲಿಯ ಹಿಂದೆ ಉದುರಿದ್ದನ್ನು ನಾನು ಆರಿಸಿಕೊಂಡೆ. ಎರಡು "ಳ", ಒಂದು "ಜ್ಞ". ಅಷ್ಟೇ ಉಳಿದದ್ದು. ಮನೆಯಲ್ಲಿ ನನಗೂ ನಿಮ್ಮ ಮಾತೇ ಸಿಕ್ಕಿತು: ಇದನ್ನು ಇಟ್ಟುಕೊಂಡು ಏನು ಮಾಡ್ತೀರಿ?

ಈಗಿನ ಮಕ್ಕಳ ಶಾಲೆಯ ಫಾರಂನಲ್ಲಿ ಹವ್ಯಾಸ ಅಂತ ಒಂದು ಕಲಂ ಇರುತ್ತದೆ. ಅಂಚೆಚೀಟಿ ಸಂಗ್ರಹ ಎಂದು ಅಪ್ಪಅಮ್ಮನೇ ತುಂಬುತ್ತಾರೆ. ಆ ಹುಡುಗ ಅಂಚೆ ಡಬ್ಬಿಯನ್ನೇ ನೋಡಿರುವುದಿಲ್ಲ. ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ, ಜ್ವಾಲಾಮುಖಿ ಕೂಡ. ಅಂಥದ್ದರಲ್ಲಿ ನಿಮ್ಮ ಮಕ್ಕಳಿಗೆ ಸುಮ್ನೆ ಕೂತು ಗೋಲಿ ತೊಳೆಯುವ ಅಪ್ಪ ಸಿಕ್ಕಿದ್ದಾನೆ. ನೆಂಟರು ಬಂದಾಗ ಭರಣಿ ಒಳಗಿಡಬೇಡಿ, ಕಿಟಕಿಯಲ್ಲಿಡಿ. ಕೇಳಿದವರಿಗೆ ಬಾನಿಯ ಕಥೆ ಹೇಳಿ.

ನಿಮ್ಮ ಮನೆಯವರಿಗೆ ಒಂದು ಮಾತು ಮುಟ್ಟಿಸಿ. ಲಾರಿ ಕಾಲದ ಗೋಲಿ ಒಂದು ಕೊಟ್ಟರೆ ಬದಲಿಗೆ ಒಂದು "ಳ" ಕೊಡುತ್ತೇನೆ. "ಜ್ಞ" ಕೇಳಬಾರದು.